ಬಾಣ ಮೊದಲು, ಸೂತ್ರ ಆಮೇಲೆ: ಬಿಂದು ಚಾರ್ಜ್‌ಗಳ ಬಲ, ವಿದ್ಯುತ್ ಕ್ಷೇತ್ರ ಲೆಕ್ಕ ಹಾಕುವ ಬಗೆ

ಒಂದು ಲೆಕ್ಕ ನನಗೆ ಇನ್ನೂ ನೆನಪಿದೆ. ಎರಡು ಚಾರ್ಜ್, ಎರಡೂ ಮೈನಸ್. ಎಡಗಡೆ ಇರುವುದರ ಮೇಲೆ ಎಷ್ಟು ಬಲ, ಯಾವ ಕಡೆಗೆ ಎಂದು ಪ್ರಶ್ನೆ. ನಾನು ಎರಡೂ ಮೈನಸ್ ಚಿಹ್ನೆಗಳನ್ನು ಸೂತ್ರದೊಳಗೆ ಹಾಕಿದೆ. ಮೈನಸ್ ಇಂಟು ಮೈನಸ್ ಪ್ಲಸ್. ಪ್ಲಸ್ ಬಂತಲ್ಲ, ಹಾಗಾದರೆ ಬಲಗಡೆಗೆ ಎಂದುಕೊಂಡು ಬಾಣ ಎಳೆದೆ. ಅಂದರೆ ಒಂದನ್ನೊಂದು ದೂರ ತಳ್ಳಬೇಕಾದ ಎರಡು ಮೈನಸ್ ಚಾರ್ಜ್‌ಗಳು ನನ್ನ ಹಾಳೆಯ ಮೇಲೆ ಒಂದನ್ನೊಂದು ಹತ್ತಿರಕ್ಕೆ ಎಳೆದುಕೊಂಡವು! ಗುಣಾಕಾರ ಸರಿ, ಭಾಗಾಕಾರ ಸರಿ, ಏಕಮಾನ ಸರಿ. ಉತ್ತರ ಮಾತ್ರ ತಿರುಗುಮುರುಗು.

ಈ ಪಾಠದಲ್ಲಿ ಎಡವುವವರೆಲ್ಲ ಹೆಚ್ಚುಕಡಿಮೆ ಇಲ್ಲೇ ಎಡವುತ್ತಾರೆ. ಸೂತ್ರ ಕಷ್ಟವಲ್ಲ, ದಿಕ್ಕು ಕಷ್ಟ. ಹಾಗಾಗಿ ನನ್ನ ಕ್ರಮ ಇಷ್ಟೇ: ಚಿತ್ರ ಬರೆದು ಬಾಣ ಎಳೆಯುವುದು ಮೊದಲು, ಸೂತ್ರ ಆಮೇಲೆ. ಚಿಹ್ನೆ ಬಾಣಕ್ಕೆ ಸೇರಿದ್ದು, ಸೂತ್ರಕ್ಕೆ ಬರೀ ಅಂಕಿ.

ಪದಗಳ ಬಗ್ಗೆ ಎರಡು ಮಾತು. ಪಠ್ಯಗಳಲ್ಲಿ ಆವೇಶ, ವಿದ್ಯುದಾವೇಶ ಎಂದು ಬರುವುದನ್ನು ನಾನು ಇಲ್ಲಿ ಚಾರ್ಜ್ ಎಂದೇ ಕರೆಯುತ್ತೇನೆ. ಇನ್ನು ಕನ್ನಡದಲ್ಲಿ ‘ಬಲ’ ಎಂದರೆ ದಿಕ್ಕೂ ಹೌದು, ತಳ್ಳುವ ಶಕ್ತಿಯೂ ಹೌದು. ‘ಬಲ ಬಲಕ್ಕೆ’ ಎಂದು ಬರೆದು ನಾನೇ ಗೊಂದಲಕ್ಕೆ ಬಿದ್ದದ್ದುಂಟು. ಅದಕ್ಕೆ ದಿಕ್ಕಿಗೆ ಯಾವಾಗಲೂ ‘ಬಲಗಡೆ’ ಎಂದೇ ಬರೆಯುತ್ತೇನೆ.

ಕೈಯಲ್ಲಿ ಇರಬೇಕಾದ್ದು

ಸೂತ್ರ ಒಂದೇ:

ಬಲ = ಕೆ × ಮೊದಲ ಚಾರ್ಜ್ × ಎರಡನೇ ಚಾರ್ಜ್ ÷ ದೂರ²

ಕೆ ಎನ್ನುವ ಸ್ಥಿರಾಂಕದ ಬೆಲೆ 8.99 × 10⁹. ಕೈಲೆಕ್ಕಕ್ಕೆ 9 × 10⁹ ಎಂದು ಹಿಡಿದರೆ ಸಾಕು, ವ್ಯತ್ಯಾಸ ಸಾವಿರಕ್ಕೆ ಒಂದರಷ್ಟು. ಚಾರ್ಜ್ ಕೂಲಾಂನಲ್ಲಿ, ದೂರ ಮೀಟರ್‌ನಲ್ಲಿ ಇದ್ದರೆ ಬಲ ನ್ಯೂಟನ್‌ನಲ್ಲಿ ಬರುತ್ತದೆ. ಸೆಂಟಿಮೀಟರ್ ಹಾಗೇ ಬಿಟ್ಟರೆ ಉತ್ತರ 10,000 ಪಟ್ಟು ತಪ್ಪುತ್ತದೆ, ಯಾಕೆಂದರೆ ಆ ನೂರು ಕೂಡ ವರ್ಗವಾಗುತ್ತದೆ.

ಈ ನಿಯಮವನ್ನು ಫ್ರೆಂಚ್ ಇಂಜಿನಿಯರ್ ಕೂಲಾಂ 1785ರಲ್ಲಿ ಅಳೆದು ತೋರಿಸಿದ. ಸಣ್ಣ ತಂತಿಗೆ ಒಂದು ಅಡ್ಡಕಡ್ಡಿ ನೇತುಹಾಕಿ, ಅದರ ತುದಿಗೆ ಪುಟ್ಟ ಗುಂಡು ಸಿಕ್ಕಿಸಿ ಚಾರ್ಜ್ ಕೊಟ್ಟ. ಪಕ್ಕದಲ್ಲಿ ಅದೇ ಬಗೆಯ ಚಾರ್ಜ್ ಇರುವ ಇನ್ನೊಂದು ಗುಂಡು. ಎರಡೂ ದೂರ ಸರಿದು 36 ಡಿಗ್ರಿಯಲ್ಲಿ ನಿಂತವು. ಆಗ ತಂತಿಯ ತಿರುಚು ಸಹ 36 ಡಿಗ್ರಿ. ಆಮೇಲೆ ತಂತಿಯನ್ನು ಮೇಲಿನಿಂದ ತಿರುಚಿ ಗುಂಡುಗಳನ್ನು ಅರ್ಧ ದೂರಕ್ಕೆ, ಅಂದರೆ 18 ಡಿಗ್ರಿಗೆ ತಂದ. ಅದಕ್ಕೆ ಬೇಕಾದ ಒಟ್ಟು ತಿರುಚು 144 ಡಿಗ್ರಿ. ದೂರ ಅರ್ಧವಾದರೆ ಬಲ ನಾಲ್ಕು ಪಟ್ಟು. ಸೂತ್ರದ ಕೆಳಗಿನ ಆ ಪುಟ್ಟ ‘2’ ಬಂದದ್ದು ಹೀಗೆ, ತಂತಿ ತಿರುಚಿ.

ಎರಡೇ ಚಾರ್ಜ್ ಇದ್ದಾಗ

ಎಡಗಡೆ +3 ಮೈಕ್ರೊಕೂಲಾಂ, ಬಲಗಡೆ −5 ಮೈಕ್ರೊಕೂಲಾಂ. ನಡುವೆ 30 ಸೆಂಟಿಮೀಟರ್.

ಸೂತ್ರ ಮುಟ್ಟಬೇಡಿ. ಮೊದಲು ಎರಡು ಚುಕ್ಕೆ ಇಡಿ, ಪಕ್ಕದಲ್ಲಿ ಚಿಹ್ನೆ ಬರೆಯಿರಿ. ಒಂದು ಪ್ಲಸ್, ಒಂದು ಮೈನಸ್. ಹಾಗಾಗಿ ಎಳೆದುಕೊಳ್ಳುತ್ತವೆ. ಎಡಗಡೆಯದರ ಮೇಲೆ ಬಾಣ ಬಲಗಡೆಗೆ, ಬಲಗಡೆಯದರ ಮೇಲೆ ಬಾಣ ಎಡಗಡೆಗೆ. ಎರಡು ಬಾಣ ಎಳೆದಾಯಿತು. ಈಗ ಮೈನಸ್ ಚಿಹ್ನೆಯ ಕೆಲಸ ಮುಗಿಯಿತು. ಇನ್ನು ಅದು ಲೆಕ್ಕದೊಳಗೆ ಬರಬಾರದು.

ಅಂಕಿಗಳನ್ನು ಒಂದು ಕಡೆ, ಹತ್ತರ ಘಾತಗಳನ್ನು ಇನ್ನೊಂದು ಕಡೆ ಇಟ್ಟುಕೊಂಡು ಲೆಕ್ಕ ಮಾಡಿ. ಮೈಕ್ರೊ ಅಂದರೆ 10⁻⁶.

ಅಂಕಿಗಳು: 9 × 3 × 5 = 135
ಘಾತಗಳು: 9 − 6 − 6 = −3
ಮೇಲಿನದು: 135 × 10⁻³ = 0.135
ಕೆಳಗಿನದು: 0.3 × 0.3 = 0.09
ಬಲ: 0.135 ÷ 0.09 = 1.5 ನ್ಯೂಟನ್

ಕ್ಯಾಲ್ಕುಲೇಟರ್ ಹಿಡಿದರೆ ಒಂದು ಎಚ್ಚರಿಕೆ. ಘಾತದ ಗುಂಡಿ ಇರುತ್ತದಲ್ಲ, ಅದರ ಅರ್ಥವೇ ‘ಇಂಟು ಹತ್ತರ ಘಾತ’ ಎಂದು. 9 ಒತ್ತಿ, ಆ ಗುಂಡಿ ಒತ್ತಿ, 9 ಒತ್ತಿದರೆ ಮುಗಿಯಿತು. ಮಧ್ಯೆ ಇಂಟು 10 ಎಂದೂ ಸೇರಿಸಿದರೆ ಉತ್ತರ ಹತ್ತು ಪಟ್ಟು ಜಾಸ್ತಿ ಬರುತ್ತದೆ. ನೋಡಲು ಸರಿಯಾದ ಅಂಕಿಗಳೇ ಕಾಣುವುದರಿಂದ ಈ ತಪ್ಪು ಸುಲಭಕ್ಕೆ ಸಿಗುವುದಿಲ್ಲ.

ಈಗ ಒಂದು ಪ್ರಶ್ನೆ. 5 ಮೈಕ್ರೊಕೂಲಾಂ ದೊಡ್ಡದು, 3 ಚಿಕ್ಕದು. ಯಾವುದರ ಮೇಲೆ ಬಲ ಜಾಸ್ತಿ? ದೊಡ್ಡದು ಚಿಕ್ಕದನ್ನು ಜೋರಾಗಿ ಎಳೆಯುತ್ತದೆ ಎಂದು ಮನಸ್ಸು ಹೇಳುತ್ತದೆ. ಹಾಗಲ್ಲ. ಎರಡರ ಮೇಲೂ 1.5 ನ್ಯೂಟನ್ನೇ. ಸೂತ್ರದಲ್ಲಿ ಇರುವುದು ಎರಡರ ಗುಣಲಬ್ಧ, ಯಾರನ್ನು ಮೊದಲು ಬರೆದರೂ ಅಷ್ಟೇ. ಚಿತ್ರದಲ್ಲಿ ಎರಡು ಬಾಣಗಳೂ ಒಂದೇ ಉದ್ದ ಇರಲಿ.

ದೂರ ಬದಲಾದರೆ ಮತ್ತೆ ಮೊದಲಿನಿಂದ ಲೆಕ್ಕ ಮಾಡಬೇಡಿ, ಸುಮ್ನೆ ಶ್ರಮ. 30 ಸೆಂಟಿಮೀಟರ್ 60 ಆದರೆ ದೂರ ಎರಡು ಪಟ್ಟು, ಬಲ ನಾಲ್ಕನೇ ಒಂದು: 0.375 ನ್ಯೂಟನ್. 10 ಆದರೆ ದೂರ ಮೂರನೇ ಒಂದು, ಬಲ ಒಂಬತ್ತು ಪಟ್ಟು: 13.5 ನ್ಯೂಟನ್.

ಯಾಕೆ ಎಲ್ಲ ಲೆಕ್ಕದಲ್ಲೂ ಮೈಕ್ರೊ, ನ್ಯಾನೊ? ಪೂರ್ತಿ ಒಂದೊಂದು ಕೂಲಾಂ ಇರುವ ಎರಡು ಚಾರ್ಜ್‌ಗಳನ್ನು ಒಂದು ಮೀಟರ್ ದೂರದಲ್ಲಿ ಇಟ್ಟು ನೋಡಿ. ಬಲ 9 × 10⁹ ನ್ಯೂಟನ್. ಅದು ಸುಮಾರು 9 ಲಕ್ಷ ಟನ್ ತೂಕಕ್ಕೆ ಸಮ. ಕೂಲಾಂ ಈ ಕೆಲಸಕ್ಕೆ ತೀರಾ ದೊಡ್ಡ ಏಕಮಾನ. ಒಂದು ಎಲೆಕ್ಟ್ರಾನ್‌ನ ಚಾರ್ಜ್ 1.602 × 10⁻¹⁹ ಕೂಲಾಂ ಮಾತ್ರ. ಆದರೂ ಹೈಡ್ರೋಜನ್ ಪರಮಾಣುವಿನಲ್ಲಿ, ಸುಮಾರು 5.3 × 10⁻¹¹ ಮೀಟರ್ ದೂರದಲ್ಲಿ, ಪ್ರೋಟಾನ್ ಅದನ್ನು 8.2 × 10⁻⁸ ನ್ಯೂಟನ್ ಬಲದಿಂದ ಎಳೆಯುತ್ತದೆ. ಅದೇ ಎರಡರ ನಡುವಿನ ಗುರುತ್ವಕ್ಕಿಂತ ಇದು ಸುಮಾರು 2 × 10³⁹ ಪಟ್ಟು ಜಾಸ್ತಿ. ಅದಕ್ಕೇ ಇಂಥ ಲೆಕ್ಕಗಳಲ್ಲಿ ಗುರುತ್ವವನ್ನು ಯಾರೂ ಕೇಳುವುದಿಲ್ಲ.

ಮೂರು ಚಾರ್ಜ್, ಒಂದೇ ಗೆರೆ

ಎ, ಬಿ, ಸಿ ಎಡಗಡೆಯಿಂದ ಬಲಗಡೆಗೆ ಒಂದೇ ಗೆರೆಯ ಮೇಲಿವೆ. ಎ +4, ಬಿ −2, ಸಿ +3 ಮೈಕ್ರೊಕೂಲಾಂ. ಎಯಿಂದ ಬಿಗೆ 20 ಸೆಂಟಿಮೀಟರ್, ಬಿಯಿಂದ ಸಿಗೆ 30. ಬಿ ಮೇಲೆ ಒಟ್ಟು ಬಲ ಎಷ್ಟು?

ಇಲ್ಲಿ ಒಂದೇ ನಿಯಮ: ಒಂದೊಂದು ಜೋಡಿಯನ್ನೂ ಬೇರೆಯವರು ಇಲ್ಲವೇ ಇಲ್ಲ ಎಂಬಂತೆ ಲೆಕ್ಕ ಮಾಡಿ. ನಡುವೆ ಇನ್ನೊಂದು ಚಾರ್ಜ್ ಇದ್ದರೂ ಅದು ಅಡ್ಡ ಬರುವುದಿಲ್ಲ. ಕೇಳಿರುವುದು ಬಿ ಮೇಲಿನ ಬಲ, ಹಾಗಾಗಿ ಎ–ಸಿ ಜೋಡಿ ನಮಗೆ ಬೇಡ. ಬಿಯಿಂದ ಹೊರಡುವ ಬಾಣಗಳನ್ನು ಮಾತ್ರ ಎಳೆಯಿರಿ.

ಎ ಪ್ಲಸ್, ಬಿ ಮೈನಸ್. ಎ ತನ್ನ ಕಡೆಗೆ ಎಳೆಯುತ್ತದೆ, ಬಾಣ ಎಡಗಡೆಗೆ. ಅಂಕಿ: 9 × 4 × 2 = 72, ಅಂದರೆ 0.072. ಇದನ್ನು 0.04ರಿಂದ ಭಾಗಿಸಿದರೆ 1.8 ನ್ಯೂಟನ್.

ಸಿ ಸಹ ಪ್ಲಸ್. ಅದೂ ತನ್ನ ಕಡೆಗೆ ಎಳೆಯುತ್ತದೆ, ಬಾಣ ಬಲಗಡೆಗೆ. 0.054 ÷ 0.09 = 0.6 ನ್ಯೂಟನ್.

ಎದುರುಬದುರು ಬಾಣಗಳು, ಕಳೆಯಿರಿ. 1.2 ನ್ಯೂಟನ್, ಎಡಗಡೆಗೆ. ಮೈನಸ್‌ಗಳನ್ನು ಸೂತ್ರದೊಳಗೆ ಹಾಕಿದ್ದರೆ ಎರಡು ಬಲಗಳಿಗೂ ಮೈನಸ್ ಬಂದು, ಕೂಡಿಸಿ −2.4 ಎಂದು ಬರೆದುಬಿಡುತ್ತಿದ್ದಿರಿ. ಸೂತ್ರದೊಳಗಿನ ಮೈನಸ್ ‘ಎಳೆತ’ ಎಂದಷ್ಟೇ ಹೇಳುತ್ತದೆ. ‘ಎಡಗಡೆ’ ಎಂದು ಹೇಳುವುದಿಲ್ಲ.

ಕ್ಷೇತ್ರ ಎಂಬ ಉಪಾಯ

ಒಂದು ಜಾಗದಲ್ಲಿ ಇವತ್ತು ಒಂದು ಚಾರ್ಜ್ ಇಡುತ್ತೀರಿ, ನಾಳೆ ಇನ್ನೊಂದು. ಪ್ರತಿ ಸಲ ಎಲ್ಲ ಜೋಡಿಗಳ ಲೆಕ್ಕ ಮತ್ತೆ ಮಾಡುವುದು ಬೇಸರದ ಕೆಲಸ. ಅದರ ಬದಲು ಆ ಖಾಲಿ ಜಾಗಕ್ಕೇ ಒಂದು ಬೆಲೆ ಕಟ್ಟಿ ಇಟ್ಟುಕೊಂಡರೆ? ಒಂದು ಕೂಲಾಂಗೆ ಎಷ್ಟು ನ್ಯೂಟನ್ ಎಂಬ ಲೆಕ್ಕದಲ್ಲಿ? ಅದೇ ವಿದ್ಯುತ್ ಕ್ಷೇತ್ರ.

ಕ್ಷೇತ್ರ = ಕೆ × ಚಾರ್ಜ್ ÷ ದೂರ²

ಇಲ್ಲಿ ಚಾರ್ಜ್ ಒಂದೇ, ಕ್ಷೇತ್ರವನ್ನು ಉಂಟುಮಾಡುವುದು ಮಾತ್ರ. ಏಕಮಾನ ನ್ಯೂಟನ್ ಪ್ರತಿ ಕೂಲಾಂ. ವೋಲ್ಟ್ ಪ್ರತಿ ಮೀಟರ್ ಎಂದರೂ ಅದೇ. ದಿಕ್ಕು ಹೀಗೆ: ಆ ಜಾಗದಲ್ಲಿ ಒಂದು ಪುಟ್ಟ ಪ್ಲಸ್ ಚಾರ್ಜ್ ಇಟ್ಟಿದ್ದರೆ ಅದು ಯಾವ ಕಡೆಗೆ ಹೋಗುತ್ತಿತ್ತೋ ಆ ಕಡೆಗೆ. ಪ್ಲಸ್ ಚಾರ್ಜ್‌ನಿಂದ ಬಾಣ ಹೊರಗೆ, ಮೈನಸ್ ಚಾರ್ಜ್ ಕಡೆಗೆ ಬಾಣ ಒಳಗೆ.

ಒಂದು ಕೊಂಕು ಇದೆ. ಲೆಕ್ಕದಲ್ಲಿ ಆ ಜಾಗದಲ್ಲೇ ಒಂದು ಚಾರ್ಜ್ ಕೊಟ್ಟಿದ್ದರೆ, ಅದನ್ನು ಕ್ಷೇತ್ರದ ಲೆಕ್ಕಕ್ಕೆ ಸೇರಿಸಬಾರದು. ತನ್ನ ಕ್ಷೇತ್ರ ತನ್ನನ್ನೇ ತಳ್ಳುವುದಿಲ್ಲ. ಸೇರಿಸಲು ಹೋದರೆ ದೂರ ಸೊನ್ನೆಯಾಗಿ ಕ್ಯಾಲ್ಕುಲೇಟರ್ ತಾನೇ ಬೈಯುತ್ತದೆ, ಅದೊಂದು ಸಮಾಧಾನ.

ಗೆರೆ ಬಿಟ್ಟು ಹೊರಗೆ ಹೋದಾಗ

ನಿಜವಾದ ಕೆಲಸ ಇರುವುದು ಇಲ್ಲಿ. ಮೂಲಬಿಂದುವಿನಲ್ಲಿ +2 ನ್ಯಾನೊಕೂಲಾಂ. ಅದರಿಂದ ಬಲಗಡೆಗೆ 40 ಸೆಂಟಿಮೀಟರ್ ದೂರದಲ್ಲಿ −5 ನ್ಯಾನೊಕೂಲಾಂ. ಮೂಲಬಿಂದುವಿನಿಂದ ನೇರ ಮೇಲಕ್ಕೆ 30 ಸೆಂಟಿಮೀಟರ್ ಹೋದರೆ ಪಿ ಎಂಬ ಜಾಗ. ಪಿಯಲ್ಲಿ ಕ್ಷೇತ್ರ ಎಷ್ಟು?

ಚಿತ್ರ ಬರೆದರೆ ಲಂಬಕೋನ ತ್ರಿಕೋನ. −5 ಇರುವ ಜಾಗದಿಂದ ಪಿಗೆ ಓರೆ ದೂರ: 30ರ ವರ್ಗ 900, 40ರ ವರ್ಗ 1600, ಕೂಡಿದರೆ 2500, ವರ್ಗಮೂಲ 50 ಸೆಂಟಿಮೀಟರ್. ಗಮನಿಸಿ, ಸೂತ್ರಕ್ಕೆ ಬೇಕಾದ್ದು ಈ 50. ಅವಸರದಲ್ಲಿ 40 ಹಾಕುವವರು ಬಹಳ.

ಬಾಣಗಳು. +2 ಪಿಯನ್ನು ತನ್ನಿಂದ ಆಚೆಗೆ ತಳ್ಳುವ ಹಾಗೆ: ನೇರ ಮೇಲಕ್ಕೆ. −5 ತನ್ನ ಕಡೆಗೆ ಎಳೆಯುವ ಹಾಗೆ: ಬಲಗಡೆಗೆ, ಓರೆಯಾಗಿ ಕೆಳಕ್ಕೆ. ಎರಡೂ ಬಾಣಗಳ ಬಾಲ ಪಿಯಲ್ಲೇ ಇರಲಿ. ಬಾಲವನ್ನು ಚಾರ್ಜ್ ಹತ್ತಿರ ಇಟ್ಟು ಬರೆಯುವ ಅಭ್ಯಾಸ ಬಿಟ್ಟರೆ ಅರ್ಧ ಗೊಂದಲ ಹೋಗುತ್ತದೆ.

ಅಂಕಿಗಳು. ಕೆ × ನ್ಯಾನೊ ಅಂದರೆ 9 × 10⁹ × 10⁻⁹, ಬರೀ 9. ನ್ಯಾನೊ ಇದ್ದರೆ ಲೆಕ್ಕ ಇಷ್ಟು ಸಲೀಸು.

+2ರಿಂದ: 18 ÷ 0.09 = 200, ನೇರ ಮೇಲಕ್ಕೆ.
−5ರಿಂದ: 45 ÷ 0.25 = 180, ಓರೆಯಾಗಿ.

ಈಗ 200 ಮತ್ತು 180 ಕೂಡಿಸಿ 380 ಎನ್ನುವ ಹಾಗಿಲ್ಲ, ಕಳೆದು 20 ಎನ್ನುವ ಹಾಗೂ ಇಲ್ಲ. ಓರೆ ಬಾಣವನ್ನು ಅಡ್ಡ ಪಾಲು, ಲಂಬ ಪಾಲು ಎಂದು ಒಡೆಯಬೇಕು.

ಸೈನ್ ಹಾಕಬೇಕೋ ಕೋಸ್ ಹಾಕಬೇಕೋ ಎಂದು ತಲೆ ಕೆಡಿಸಿಕೊಳ್ಳುವವರಿಗೆ ನಾನು ಹೇಳುವುದು, ಎರಡೂ ಬೇಡ. ಕೋನವನ್ನೇ ಕಂಡುಹಿಡಿಯಬೇಡಿ. ಪಿಯಿಂದ −5ಕ್ಕೆ ನಡೆದು ಹೋಗಲು ಬಲಗಡೆಗೆ 40, ಕೆಳಕ್ಕೆ 30 ಹೋಗಬೇಕು. ಒಟ್ಟು ಓರೆ ದೂರ 50. ಹಾಗಾಗಿ ಬಾಣದ ಅಡ್ಡ ಪಾಲು 50ರಲ್ಲಿ 40, ಲಂಬ ಪಾಲು 50ರಲ್ಲಿ 30. ಅಷ್ಟೇ.

ಅಡ್ಡ: 180 × 40 ÷ 50 = 144, ಬಲಗಡೆಗೆ
ಲಂಬ: 180 × 30 ÷ 50 = 108, ಕೆಳಕ್ಕೆ

ಅಡ್ಡಕ್ಕೆ ಅಡ್ಡ, ಲಂಬಕ್ಕೆ ಲಂಬ ಸೇರಿಸಿ. ಅಡ್ಡಕ್ಕೆ ಬಲಗಡೆಗೆ 144 ಒಂದೇ. ಲಂಬಕ್ಕೆ ಮೇಲೆ 200, ಕೆಳಗೆ 108, ಉಳಿದದ್ದು ಮೇಲಕ್ಕೆ 92.

144ರ ವರ್ಗ 20,736. 92ರ ವರ್ಗ 8,464. ಕೂಡಿದರೆ 29,200, ವರ್ಗಮೂಲ ಸುಮಾರು 171. ಪಿಯಲ್ಲಿ ಕ್ಷೇತ್ರ 171 ನ್ಯೂಟನ್ ಪ್ರತಿ ಕೂಲಾಂ. ದಿಕ್ಕಿಗೆ 92 ÷ 144 = 0.639, ಇದರ ವಿಲೋಮ ಟ್ಯಾನ್ ಸುಮಾರು 32.6 ಡಿಗ್ರಿ. ಅಂದರೆ ಬಲಗಡೆಗೆ ಹೋಗುವ ಗೆರೆಯಿಂದ 32.6 ಡಿಗ್ರಿ ಮೇಲಕ್ಕೆ. ಮೊದಲು ಬರೆದ ಚಿತ್ರದ ಮೇಲೆ ಈ ಬಾಣ ಎಳೆದು ನೋಡಿ. ಎರಡು ಬಾಣಗಳ ನಡುವೆ ಬಿದ್ದಿದೆಯಾ? ಬಿದ್ದಿದೆ. ಬೀಳದಿದ್ದರೆ ಎಲ್ಲೋ ಒಂದು ಪಾಲಿನ ದಿಕ್ಕು ತಿರುಗಿದೆ ಎಂದೇ ಅರ್ಥ.

ಇಷ್ಟೆಲ್ಲ ಮಾಡಿದ್ದಕ್ಕೆ ಫಲ ಈಗ. ಪಿಯಲ್ಲಿ −3 ನ್ಯಾನೊಕೂಲಾಂ ಇಟ್ಟರೆ ಬಲ ಎಷ್ಟು? 3 × 10⁻⁹ × 171, ಸುಮಾರು 5.1 × 10⁻⁷ ನ್ಯೂಟನ್. ಮೈನಸ್ ಆದ್ದರಿಂದ ಕ್ಷೇತ್ರಕ್ಕೆ ತದ್ವಿರುದ್ಧ, ಎಡಗಡೆಗೆ ಓರೆಯಾಗಿ ಕೆಳಕ್ಕೆ. ಒಂದೇ ಸಾಲಿನ ಲೆಕ್ಕ.

ಕ್ಷೇತ್ರ ಸೊನ್ನೆಯಾಗುವ ಜಾಗ

ಪರೀಕ್ಷೆಗಳಿಗೆ ಇದು ಬಲು ಪ್ರೀತಿಯ ಪ್ರಶ್ನೆ. +9 ಮತ್ತು +4 ಮೈಕ್ರೊಕೂಲಾಂ, ನಡುವೆ 50 ಸೆಂಟಿಮೀಟರ್. ಅವುಗಳ ಗೆರೆಯ ಮೇಲೆ ಎಲ್ಲಿ ಕ್ಷೇತ್ರ ಸೊನ್ನೆ?

ಮತ್ತೆ ಬಾಣವೇ ಮೊದಲು. ಎರಡೂ ಪ್ಲಸ್. ಎಡಗಡೆ ಹೊರಗೆ ನಿಂತರೆ ಎರಡು ಬಾಣಗಳೂ ಎಡಗಡೆಗೆ, ಬಲಗಡೆ ಹೊರಗೆ ನಿಂತರೆ ಎರಡೂ ಬಲಗಡೆಗೆ. ರದ್ದಾಗುವ ಮಾತೇ ಇಲ್ಲ. ನಡುವೆ ನಿಂತರೆ ಮಾತ್ರ ಎದುರುಬದುರು. ಹಾಗಾಗಿ ನಡುವೆಯೇ ಹುಡುಕಬೇಕು.

9 ÷ ದೂರ² ಮತ್ತು 4 ÷ ಇನ್ನೊಂದು ದೂರ² ಸಮ ಆಗಬೇಕು. ಇದನ್ನು ಬಿಡಿಸಿ ಉದ್ದದ ವರ್ಗಸಮೀಕರಣ ಮಾಡುವವರಿದ್ದಾರೆ. ಬೇಡ, ಎರಡೂ ಕಡೆ ವರ್ಗಮೂಲ ತೆಗೆಯಿರಿ. ದೂರಗಳು 3ಕ್ಕೆ 2ರಂತೆ ಇರಬೇಕು. 50ನ್ನು ಹಾಗೆ ಹಂಚಿದರೆ 30 ಮತ್ತು 20. ದೊಡ್ಡ ಚಾರ್ಜ್‌ನಿಂದ 30, ಚಿಕ್ಕದರಿಂದ 20.

ಈಗ +4ನ್ನು −4 ಮಾಡಿ. ನಡುವೆ ಎರಡೂ ಬಾಣ ಒಂದೇ ಕಡೆಗೆ. ರದ್ದಾಗಬೇಕಾದರೆ ಹೊರಗೆ ಹೋಗಬೇಕು, ಅದೂ ಚಿಕ್ಕ ಚಾರ್ಜ್ ಇರುವ ಕಡೆಗೆ. ದೊಡ್ಡದರ ಹತ್ತಿರ ಹೋದರೆ ದೊಡ್ಡದರದ್ದೇ ಆಟ, ಚಿಕ್ಕದು ಎಂದೂ ಸಮ ಬರುವುದಿಲ್ಲ. ದೂರಗಳು ಮತ್ತೆ 3ಕ್ಕೆ 2, ಆದರೆ ಈ ಸಲ ಅವುಗಳ ವ್ಯತ್ಯಾಸ 50. ಅಂದರೆ 150 ಮತ್ತು 100. ಚಿಕ್ಕ ಚಾರ್ಜ್‌ನಿಂದ ಆಚೆಗೆ ಒಂದು ಮೀಟರ್. ತಾಳೆ ನೋಡಿ: 9 ÷ 2.25 = 4, 4 ÷ 1 = 4. ವರ್ಗಸಮೀಕರಣ ಬಿಡಿಸಿದ್ದರೆ ಎರಡು ಉತ್ತರ ಸಿಗುತ್ತಿತ್ತು, ಅದರಲ್ಲಿ ಒಂದು ಸುಳ್ಳು. ಯಾವುದು ಸುಳ್ಳು ಎಂದು ಹೇಳಲು ಕೊನೆಗೂ ಬಾಣವೇ ಬೇಕು.

ಹಾಳೆಯ ಮೇಲಿನ ಚಾರ್ಜ್, ಕೈಯಲ್ಲಿನ ಚಾರ್ಜ್

ಒಂದು ವಿಷಯ ಮುಚ್ಚಿಡಬಾರದು. ಮೊದಲ ಲೆಕ್ಕದ +3, −5 ಮೈಕ್ರೊಕೂಲಾಂ, 30 ಸೆಂಟಿಮೀಟರ್ ಇದೆಯಲ್ಲ, ಅದನ್ನು ಗಾಳಿಯಲ್ಲಿ ಮಾಡಿ ನೋಡಲು ಹೊರಟರೆ ಆಗುವುದಿಲ್ಲ. ಕ್ಷೇತ್ರ ಸುಮಾರು 30 ಲಕ್ಷ ವೋಲ್ಟ್ ಪ್ರತಿ ಮೀಟರ್ ಮುಟ್ಟಿದರೆ ಗಾಳಿಯಲ್ಲಿ ಕಿಡಿ ಹಾರುತ್ತದೆ. 5 ಮೈಕ್ರೊಕೂಲಾಂ ಹಿಡಿದಿಡಲು ಎಷ್ಟು ದೊಡ್ಡ ಲೋಹದ ಗುಂಡು ಬೇಕು? ಕೆ × ಚಾರ್ಜ್ ಅಂದರೆ 45,000. ಅದನ್ನು ಕ್ಷೇತ್ರದಿಂದ ಭಾಗಿಸಿದರೆ ದೂರದ ವರ್ಗ: 45,000 ÷ 30,00,000 = 0.015, ವರ್ಗಮೂಲ ಸುಮಾರು 0.12. ಅಂದರೆ 12 ಸೆಂಟಿಮೀಟರ್ ತ್ರಿಜ್ಯ. 3 ಮೈಕ್ರೊಕೂಲಾಂಗೆ ಸುಮಾರು 9.5. ಕೇಂದ್ರದಿಂದ ಕೇಂದ್ರಕ್ಕೆ 30 ಸೆಂಟಿಮೀಟರ್ ಅಂತರದಲ್ಲಿ ಇಂಥ ಎರಡು ಗುಂಡು ಇಟ್ಟರೆ ಅವುಗಳ ಮೈಗಳ ನಡುವೆ ಉಳಿಯುವುದು ಎಂಟೊಂಬತ್ತು ಸೆಂಟಿಮೀಟರ್ ಮಾತ್ರ. ಬಿಂದು ಎಲ್ಲಿಂದ ಬಂತು!

ಬಿಂದು ಎನ್ನುವುದಕ್ಕೆ ಅರ್ಥ, ವಸ್ತುವಿನ ಗಾತ್ರ ನಡುವಿನ ದೂರಕ್ಕಿಂತ ತೀರಾ ಚಿಕ್ಕದಿರಬೇಕು ಎಂದು. ಚಾರ್ಜ್ ಸಮನಾಗಿ ಹರಡಿದ ಗೋಳವಾದರೆ ಹೊರಗಿನವರ ಪಾಲಿಗೆ ಅದು ಕೇಂದ್ರದಲ್ಲಿರುವ ಬಿಂದುವೇ. ಆದರೆ ಎರಡು ಲೋಹದ ಗೋಳಗಳು ಹತ್ತಿರ ಬಂದರೆ ಒಂದರ ಚಾರ್ಜ್ ಇನ್ನೊಂದರದ್ದನ್ನು ಸರಿಸುತ್ತದೆ, ಸಮ ಹರಡಿಕೆ ಕೆಡುತ್ತದೆ, ಸೂತ್ರ ನೇರವಾಗಿ ನಡೆಯುವುದಿಲ್ಲ.

ಇನ್ನು, ಈ ಕೆ ನಿರ್ವಾತಕ್ಕೆ ಹೇಳಿದ್ದು. ಗಾಳಿಗೂ ನಡೆಯುತ್ತದೆ, ವ್ಯತ್ಯಾಸ ನಗಣ್ಯ. ನೀರಿನೊಳಗಾದರೆ ಬಲವನ್ನು ಸುಮಾರು 80ರಿಂದ ಭಾಗಿಸಬೇಕು. ಉಪ್ಪು ನೀರಿನಲ್ಲಿ ಕರಗುವುದರ ಹಿಂದೆ ಈ 80ರ ಕೈವಾಡವೂ ಇದೆ. ಸೋಡಿಯಂ, ಕ್ಲೋರಿನ್ ಅಯಾನುಗಳ ನಡುವಿನ ಹಿಡಿತ ಅಲ್ಲಿ ಅಷ್ಟು ಸಡಿಲವಾಗುತ್ತದೆ.

ಸಮರೂಪ ಕಂಡರೆ ಬಿಡಬೇಡಿ

20 ಸೆಂಟಿಮೀಟರ್ ಬಾಹುವಿನ ಚೌಕ. ನಾಲ್ಕು ಮೂಲೆಗೂ +2 ನ್ಯಾನೊಕೂಲಾಂ. ನಡುಮಧ್ಯದಲ್ಲಿ ಕ್ಷೇತ್ರ? ಎದುರುಬದುರು ಮೂಲೆಗಳ ಬಾಣಗಳು ಜೋಡಿ ಜೋಡಿಯಾಗಿ ರದ್ದಾಗುತ್ತವೆ. ಸೊನ್ನೆ. ಪೆನ್ನು ಎತ್ತುವ ಅಗತ್ಯವೇ ಇಲ್ಲ.

ಈಗ ಮೇಲಿನ ಬಲಗಡೆ ಮೂಲೆಯ ಚಾರ್ಜ್ ತೆಗೆದುಬಿಡಿ. ಮೂರು ಬಾಣ ಒಡೆದು ಕೂಡಿಸಲು ಕೂರಬೇಡಿ. ಒಂದು ಜೋಡಿ ಇನ್ನೂ ರದ್ದಾಗುತ್ತಲೇ ಇದೆ. ಉಳಿದದ್ದು ಒಂಟಿಯಾದ ಕೆಳಗಿನ ಎಡಗಡೆ ಮೂಲೆಯ ಬಾಣ ಒಂದೇ, ಅದು ಖಾಲಿ ಮೂಲೆಯ ಕಡೆಗೆ ಇದೆ. ಮೂಲೆಯಿಂದ ಮಧ್ಯಕ್ಕೆ ಇರುವ ದೂರದ ವರ್ಗ 0.1² + 0.1² = 0.02. ಕ್ಷೇತ್ರ 18 ÷ 0.02 = 900 ನ್ಯೂಟನ್ ಪ್ರತಿ ಕೂಲಾಂ. ದೂರದ ವರ್ಗವೇ ಬೇಕಾಗಿದ್ದರಿಂದ ವರ್ಗಮೂಲ ತೆಗೆಯುವ ಕೆಲಸವೂ ತಪ್ಪಿತು.